ನೀರಿಗೆ ತಕ್ಕ ಮೀನು

(ಮಂಡ್ಯದಲ್ಲಿ ಮೀನು ಸಾಕುವ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಹೊಸದಾಗಿ ಫಿಶ್ ಟ್ಯಾಂಕ್ ಇಟ್ಟವರು ಮೊದಲು ಆಸೆಪಟ್ಟು ತರುವ ಮೀನು ಯಾವುದು ಹೇಳಿ? ಹೆಚ್ಚಿನ ಮನೆಗಳಲ್ಲಿ ನಿಯಾನ್ ಟೆಟ್ರಾ. ಅಂಗಡಿಯ ಲೈಟಿನಲ್ಲಿ ಅದರ ನೀಲಿ ಗೆರೆ, ಕೆಂಪು ಬಾಲ ನೋಡಿದರೆ ಯಾರಿಗಾದರೂ ಬೇಕು ಅನ್ನಿಸುತ್ತದೆ. ಮನೆಗೆ ತಂದ ಮೇಲೆ ದಿನಕ್ಕೊಂದು ಸಾಯುತ್ತವೆ. ಮತ್ತೆ ತರುತ್ತಾರೆ, ಮತ್ತೆ ಸಾಯುತ್ತವೆ. ಕೊನೆಗೆ "ನಮ್ಮ ಮನೆಗೆ ಮೀನು ಆಗಿಬರಲ್ಲ" ಅಂತ ಟ್ಯಾಂಕನ್ನು ಅಟ್ಟಕ್ಕೆ ಹಾಕುತ್ತಾರೆ.

ಆಗಿಬರದೇ ಇದ್ದದ್ದು ಆ ಮೀನಿಗೆ ಆ ನೀರು. ಅದೇ ನೀರಿನಲ್ಲಿ ಪ್ಲಾಟಿ ಬಿಟ್ಟಿದ್ದರೆ ಮೂರು ತಿಂಗಳಲ್ಲಿ ಮರಿಗಳನ್ನು ಯಾರಿಗೆ ಕೊಡುವುದು ಅಂತ ಹುಡುಕಬೇಕಾಗುತ್ತಿತ್ತು. ಮೀನನ್ನು ಮೊದಲು ಆರಿಸಿ ಆಮೇಲೆ ನೀರನ್ನು ಅದಕ್ಕೆ ಹೊಂದಿಸಲು ಹೆಣಗಾಡುವುದು ಬಿಡಿ. ನಿಮ್ಮ ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅಂತ ಮೊದಲು ತಿಳಿದುಕೊಳ್ಳಿ. ಅದನ್ನು ಇಷ್ಟಪಡುವ ಮೀನು ಯಾವುದು ಅಂತ ಆಮೇಲೆ ಹುಡುಕಿ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಬೋರ್ ನೀರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇಳೆ ಬೇಯಲ್ಲ. ಸೋಪು ನೊರೆ ಬರಲ್ಲ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಮಳೆನೀರು ಮಣ್ಣು, ಬಂಡೆಗಳ ಸಂದಿಯಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಆಳದಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಜಾಸ್ತಿ. ನೀರಿನ ಗಡಸುತನ ಅನ್ನುವುದು ಇದನ್ನೇ. ನದಿಯಿಂದ ಬರುವ ಕಾವೇರಿ, ಕಬಿನಿ ನೀರು ಇದಕ್ಕಿಂತ ಎಷ್ಟೋ ಮೆದು. ಹಾಗಾಗಿ ಒಂದೇ ಬೀದಿಯಲ್ಲಿ ಕಾವೇರಿ ನಲ್ಲಿ ಇರುವ ಮನೆಗೂ ಬೋರ್ ಮೇಲೆ ನಿಂತಿರುವ ಮನೆಗೂ ಬೇರೆ ಬೇರೆ ಮೀನು ಒಗ್ಗುತ್ತವೆ. ಪಕ್ಕದ ಮನೆಯವರಲ್ಲಿ ಬದುಕಿದ ಮೀನು ನಿಮ್ಮಲ್ಲೂ ಬದುಕುತ್ತದೆ ಅನ್ನುವ ಹಾಗಿಲ್ಲ.

ಗಡಸುತನವನ್ನು ಅಳೆಯುವುದು ಹೇಗೆ? ಇಲ್ಲಿ ಬಹಳ ಜನ ಎಡವುತ್ತಾರೆ. ನೀರಿನ ಫಿಲ್ಟರ್ ಹಾಕುವವರು ತರುವ ಟಿಡಿಎಸ್ ಮೀಟರ್ ಇದೆಯಲ್ಲ, ಅದು ಗಡಸುತನ ತೋರಿಸುವುದಿಲ್ಲ. ನೀರಿನಲ್ಲಿ ಕರಗಿರುವ ಎಲ್ಲ ಲವಣವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಒಂದು ಮುಷ್ಟಿ ಅಡುಗೆ ಉಪ್ಪು ಹಾಕಿದರೂ ಅದರ ಅಂಕಿ ಏರುತ್ತದೆ, ಗಡಸುತನ ಮಾತ್ರ ಅಷ್ಟೇ ಇರುತ್ತದೆ. ನಮಗೆ ಬೇಕಾದದ್ದು ಹನಿ ಹಾಕಿ ನೋಡುವ ಜಿಎಚ್, ಕೆಎಚ್ ಕಿಟ್. ಅದರಲ್ಲಿ ಹನಿ ಹನಿಯಾಗಿ ದ್ರಾವಣ ಬಿಡುತ್ತಾ ಹೋಗುತ್ತೀರಿ, ಬಣ್ಣ ತಿರುಗಿದ ಕೂಡಲೇ ನಿಲ್ಲಿಸುತ್ತೀರಿ. ಸಾಮಾನ್ಯವಾಗಿ ಒಂದು ಹನಿ ಅಂದರೆ ಒಂದು ಡಿಗ್ರಿ (ಇದು ಗಡಸುತನದ ಡಿಗ್ರಿ, ಬಿಸಿಯದ್ದಲ್ಲ). ಬೋರ್ ನೀರಿನ ಲ್ಯಾಬ್ ವರದಿ ಮನೆಯಲ್ಲಿ ಇದ್ದರೆ ಇನ್ನೂ ಸುಲಭ. ಒಟ್ಟು ಗಡಸುತನ ಅಂತ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ. ಅದನ್ನು 17.9ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. 320 ಇದ್ದರೆ ಸುಮಾರು 18 ಡಿಗ್ರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ 11 ಡಿಗ್ರಿಯಿಂದ 33 ಡಿಗ್ರಿಯವರೆಗೆ. ನಾನು ಇವತ್ತು ಹೇಳುವ ಹೆಚ್ಚಿನ ಮೀನುಗಳಿಗೆ 10ರಿಂದ 25 ಡಿಗ್ರಿ ನೀರು ಹೆದರಿಕೆಯದ್ದೇ ಅಲ್ಲ.

ಜಿಎಚ್ ಅಂದರೆ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಎಷ್ಟಿದೆ ಅನ್ನುವುದು. ಕೆಎಚ್ ಅಂದರೆ ನೀರಿಗೆ ಆಮ್ಲ ಬಿದ್ದರೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅನ್ನುವುದು. ನಮ್ಮ ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಎರಡೂ ಜಾಸ್ತಿ ಇರುತ್ತವೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಇಳಿಸುವ ಬಾಟಲಿ ತಂದು ಸುರಿದರೂ ಮಾರನೇ ದಿನ ಪಿಎಚ್ ಮತ್ತೆ ಮೇಲೇರುವುದಕ್ಕೆ ಕಾರಣ ಈ ಕೆಎಚ್. ಹಾಕಿದ ಆಮ್ಲವನ್ನು ಅದು ನುಂಗಿಬಿಡುತ್ತದೆ. ಮತ್ತೆ ಸುರಿಯುತ್ತೀರಿ, ಮತ್ತೆ ಏರುತ್ತದೆ. ಈ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಒಂದೇ ಸಮ 8 ಇರುವ ಪಿಎಚ್, ದಿನಾ 7ಕ್ಕೂ 8ಕ್ಕೂ ಓಲಾಡುವ ಪಿಎಚ್‌ಗಿಂತ ಎಷ್ಟೋ ಮೇಲು. ಆ ಬಾಟಲಿಗೆ ಕೊಡುವ ದುಡ್ಡಿನಲ್ಲಿ ಒಂದು ಕೆಎಚ್ ಕಿಟ್ ತನ್ನಿ.

ಗಡಸುತನ ಮೀನಿಗೆ ಯಾಕೆ ಮುಖ್ಯ ಅನ್ನುವುದನ್ನೂ ಹೇಳಬೇಕು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಲವಣ ಜಾಸ್ತಿ. ಹಾಗಾಗಿ ನೀರು ಕಿವಿರಿನ ಮೂಲಕ ಸದಾ ಒಳಗೆ ಬರುತ್ತಿರುತ್ತದೆ, ಲವಣ ಸದಾ ಹೊರಗೆ ಸೋರುತ್ತಿರುತ್ತದೆ. ಮೀನು ದಿನವಿಡೀ ಮೂತ್ರವಾಗಿ ನೀರನ್ನು ಹೊರಹಾಕುತ್ತಾ, ಕಿವಿರಿನಿಂದ ಲವಣವನ್ನು ವಾಪಸ್ ಎಳೆದುಕೊಳ್ಳುತ್ತಾ ಬದುಕುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಕಿವಿರಿನ ಜೀವಕೋಶಗಳ ಸಂದು ಬಿಗಿಯಾಗಿ, ಸೋರುವುದು ಕಡಿಮೆಯಾಗುತ್ತದೆ. ಗಡಸು ನೀರಿನಲ್ಲೇ ಹುಟ್ಟಿ ಬೆಳೆದ ಜಾತಿಗಳು ಈ ಕ್ಯಾಲ್ಸಿಯಂ ನೆಚ್ಚಿಕೊಂಡಿವೆ. ಅವನ್ನು ಲವಣ ಸೋಸಿ ತೆಗೆದ ಆರ್‌ಓ ನೀರಿನಲ್ಲಿ ಬಿಟ್ಟು ನೋಡಿ, ಮೋಲಿ ಮೀನು ರೆಕ್ಕೆ ಮಡಚಿಕೊಂಡು ನಿಂತ ಜಾಗದಲ್ಲೇ ಮೈ ಅಲ್ಲಾಡಿಸುತ್ತಾ ನಿಲ್ಲುತ್ತದೆ. ರೋಗ ಅಂದುಕೊಂಡು ಔಷಧಿ ಹಾಕುತ್ತಾರೆ. ಎಷ್ಟೋ ಸಲ ಅದಕ್ಕೆ ಬೇಕಾದದ್ದು ನಮ್ಮ ಬೋರ್ ನೀರು ಅಷ್ಟೇ. ನಿಯಾನ್, ಕಾರ್ಡಿನಲ್, ಡಿಸ್ಕಸ್‌ಗಳ ಕಥೆ ಉಲ್ಟಾ. ಅವುಗಳ ತವರು ಅಮೆಜಾನ್ ಸೀಮೆಯ ಹೊಳೆಗಳಲ್ಲಿ ಲವಣ ತೀರಾ ಕಡಿಮೆ. ಸಾಕಣೆಯಲ್ಲೇ ಹುಟ್ಟಿದ ನಿಯಾನ್ ಸ್ವಲ್ಪ ಗಡಸು ನೀರನ್ನು ತಡೆದುಕೊಳ್ಳುತ್ತದೆ, ನಿಜ. ಆದರೆ 20 ಡಿಗ್ರಿ ನೀರಿನಲ್ಲಿ ಅದು ಲಕ್ಷಣವಾಗಿ ಬಾಳುವುದಿಲ್ಲ, ಮೊಟ್ಟೆ ಇಟ್ಟರೂ ಮರಿಯಾಗುವುದು ಕಷ್ಟ.

ಈಗ ಮೀನಿಗೆ ಬರೋಣ. ಗಡಸು ನೀರಿಗೆ ಹೇಳಿಮಾಡಿಸಿದ್ದು ಮರಿ ಹಾಕುವ ಮೀನುಗಳು. ಗಪ್ಪಿ, ಪ್ಲಾಟಿ, ಮೋಲಿ, ಸ್ವೋರ್ಡ್‌ಟೇಲ್. ಗಪ್ಪಿಯ ತವರು ಟ್ರಿನಿಡಾಡ್, ವೆನೆಜುವೆಲಾ ಕಡೆ. ಉಳಿದ ಮೂರೂ ಹೆಚ್ಚಾಗಿ ಮೆಕ್ಸಿಕೋ, ಮಧ್ಯ ಅಮೆರಿಕದವು. ಅಂಗಡಿಯಲ್ಲಿ ಇವು ಅಗ್ಗ. ಅದಕ್ಕೇ ಜನ ಇವನ್ನು ಹೊಸಬರ ಮೀನು ಅಂತ ಹಗುರವಾಗಿ ನೋಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚೆನ್ನಾಗಿ ಸಾಕಿದ ಕೆಂಪು ಸ್ವೋರ್ಡ್‌ಟೇಲ್ ಗಂಡು, ಕತ್ತಿಯಂಥ ಬಾಲ ನೀಟಾಗಿ ಬೆಳೆದು, ಹಸಿರು ಗಿಡದ ಮುಂದೆ ತಿರುಗುವುದನ್ನು ನೋಡಿದವರು ಹಾಗೆ ಹೇಳುವುದಿಲ್ಲ.

ಈ ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಪ್ಲಾಟಿ. ಗುಣ ಸಾಧು, ಗಾತ್ರ ಚಿಕ್ಕದು, ತಂಪನ್ನೂ ತಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ರಾತ್ರಿ ಚಳಿ ಬಿದ್ದು ಟ್ಯಾಂಕಿನ ನೀರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೂ ಪ್ಲಾಟಿ ಮಂಕಾಗುವುದಿಲ್ಲ. ಗಪ್ಪಿಗೂ ಮೋಲಿಗೂ ಆಗ ಹೀಟರ್ ಇದ್ದರೆ ಒಳ್ಳೆಯದು. ಸ್ವೋರ್ಡ್‌ಟೇಲ್‌ಗೆ ಮೂರು ಅಡಿ ಟ್ಯಾಂಕ್ ಬೇಕು, ಮೇಲೆ ಮುಚ್ಚಳ ಬೇಕೇ ಬೇಕು, ಹಾರುತ್ತದೆ. ಎರಡು ಗಂಡು ಬಿಟ್ಟರೆ ಒಂದು ಇನ್ನೊಂದನ್ನು ಮೂಲೆಗೆ ಅಟ್ಟುತ್ತದೆ. ಒಂದೇ ಗಂಡು, ಮೂರು ಹೆಣ್ಣು ಇರಲಿ. ಮೋಲಿಯಲ್ಲಿ ಸೈಲ್‌ಫಿನ್ ಜಾತಿಯದು ಬಲು ಚಂದ, ಆದರೆ ಅದು ನಾಲ್ಕೈದು ಅಂಗುಲ ಬೆಳೆಯುತ್ತದೆ, ಪಾಚಿ, ಸೊಪ್ಪು ಜಾಸ್ತಿ ತಿನ್ನುತ್ತದೆ, ಜಾಗ ಕೇಳುತ್ತದೆ. ಬಲೂನ್ ಮೋಲಿಯನ್ನು ದಯವಿಟ್ಟು ಕೊಳ್ಳಬೇಡಿ. ಅದರ ಉಬ್ಬಿದ ಹೊಟ್ಟೆ ಅಂದರೆ ಬೆನ್ನುಮೂಳೆ ಸೊಟ್ಟಗಾಗಲಿ ಅಂತಲೇ ಆರಿಸಿ ಬೆಳೆಸಿದ್ದು. ನಾವು ಕೊಳ್ಳುವವರೆಗೂ ಅದನ್ನು ಮಾಡುತ್ತಲೇ ಇರುತ್ತಾರೆ.

ಮೋಲಿಗೆ ಕಲ್ಲುಪ್ಪು ಹಾಕಬೇಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ ಅಲ್ವಾ? ನೀರು ಗಡಸಾಗಿದ್ದರೆ ಬೇಡ. ಉಪ್ಪು ಗಡಸುತನ ಕೊಡುವುದಿಲ್ಲ, ಸೋಡಿಯಂ ಕೊಡುತ್ತದೆ. ಜೊತೆಯಲ್ಲಿರುವ, ತಳದಲ್ಲಿ ಓಡಾಡುವ ಕೋರಿಡೋರಾಸ್ ಮೀನಿಗೂ ಗಿಡಗಳಿಗೂ ಅದು ಹಿಡಿಸುವುದಿಲ್ಲ. ಮನೆಗೆ ಹಾಕಿಸುವ ಸಾಫ್ಟ್‌ನರ್ ಮಾಡುವುದೂ ಇದನ್ನೇ, ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪು ನೊರೆ ಬರಬಹುದು, ಮೀನಿಗೆ ಅದು ಕೆಲಸಕ್ಕೆ ಬಾರದ ನೀರು. ಸಾಫ್ಟ್‌ನರ್ ಇರುವ ಮನೆಯವರು ಅದಕ್ಕೆ ಮೊದಲೇ ಬರುವ ಪೈಪಿನಿಂದ ನೀರು ಹಿಡಿದುಕೊಳ್ಳಿ.

ಮರಿ ಹಾಕುವ ಮೀನಿನಲ್ಲಿ ಗಂಡು ಹೆಣ್ಣಿನ ಲೆಕ್ಕವೇ ಅರ್ಧ ಹೊಂದಾಣಿಕೆ. ಗಂಡಿನ ಕೆಳರೆಕ್ಕೆ ಕಡ್ಡಿಯಂತೆ ಸಪೂರ, ಹೆಣ್ಣಿನದು ಬೀಸಣಿಗೆಯಂತೆ ಅಗಲ. ಅಂಗಡಿಯಲ್ಲಿ ನೋಡಿಯೇ ಆರಿಸಿ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಲ್ಲದಿದ್ದರೆ ಗಂಡುಗಳು ಹೆಣ್ಣನ್ನು ಬಿಡದೆ ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡಿಬಿಡುತ್ತವೆ. ಮರಿಯೇ ಬೇಡ ಅನ್ನುವವರು ಬರೀ ಗಂಡು ಗಪ್ಪಿ ಸಾಕಿ, ಬಣ್ಣವೂ ಅವಕ್ಕೇ ಜಾಸ್ತಿ. ಬರೀ ಹೆಣ್ಣು ತಂದರೆ ಮರಿ ತಪ್ಪಿತು ಅಂದುಕೊಳ್ಳಬೇಡಿ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಉಳಿಸಿಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಾ ಹೋಗುತ್ತದೆ. ಪ್ಲಾಟಿಯೂ ಸ್ವೋರ್ಡ್‌ಟೇಲೂ ಹತ್ತಿರದ ನೆಂಟರು, ಒಟ್ಟಿಗೆ ಬಿಟ್ಟರೆ ಮಿಶ್ರತಳಿ ಮರಿ ಬರುತ್ತವೆ. ಶುದ್ಧ ಬಣ್ಣ ಬೇಕಾದವರು ಎರಡರಲ್ಲಿ ಒಂದನ್ನು ಆರಿಸಿ.

ಮಿಕ್ಕ ಮರಿಗಳನ್ನು ಏನು ಮಾಡುವುದು? ವಿ.ಸಿ. ನಾಲೆಗೋ ಕೆರೆಗೋ ಬಿಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಮಾರುವ ಸಕ್ಕರ್ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ. ಸಾಕಲಾರದೆ ಜನ ಬಿಟ್ಟದ್ದು ಈಗ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಬಲೆ ತುಂಬಾ ಬರುತ್ತಿದೆ. ನಮ್ಮ ಕಾವೇರಿಯ ಸ್ವಂತ ಮೀನು, ಡುಬ್ಬ ಬೆನ್ನಿನ ಮಹಶೀರ್, ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಜಾಗತಿಕ ಪಟ್ಟಿಗೆ ಸೇರಿದೆ. ಆ ಹೊಳೆಗೆ ಇನ್ನೊಂದು ಹೊರೆ ಬೇಡ. "ಸೊಳ್ಳೆ ಮರಿ ತಿನ್ನಲಿ ಅಂತ ಸರ್ಕಾರದವರೇ ಗಪ್ಪಿ ಬಿಡುತ್ತಾರಲ್ಲ" ಎಂದು ಕೇಳುತ್ತೀರಿ. ಆ ಉಪಾಯವನ್ನು ಹೊರಗೆ ಹರಿಯದ ಕಡೆ ಮಾಡಿ. ಮನೆಯ ಕಲ್ಲುತೊಟ್ಟಿ, ತಾವರೆ ಕುಂಡಕ್ಕೆ ನಾಲ್ಕು ಗಪ್ಪಿ ಬಿಟ್ಟರೆ ಸೊಳ್ಳೆ ಮರಿ ಉಳಿಯುವುದಿಲ್ಲ.

ಟ್ಯಾಂಕಿನ ತಳಕ್ಕೆ ಕೋರಿಡೋರಾಸ್ ಹಾಕಬಹುದು. ದಕ್ಷಿಣ ಅಮೆರಿಕದ್ದಾದರೂ ಕಂಚುಬಣ್ಣದ ಜಾತಿ ಮತ್ತು ಮಚ್ಚೆಯ ಪಾಲಿಯಾಟಸ್ ಜಾತಿ ಸಾಧಾರಣ ಗಡಸು ನೀರಿಗೆ ಒಗ್ಗುತ್ತವೆ. ಆರಾದರೂ ಇರಲಿ, ತಳಕ್ಕೆ ಚೂಪಲ್ಲದ ಮರಳು ಇರಲಿ. ಗಡಸುತನ 20 ಡಿಗ್ರಿ ದಾಟಿದ ನೀರಿಗೆ ನಾನು ಇವನ್ನು ಹೇಳುವುದಿಲ್ಲ. ಪಾಚಿಗೆ ಸಕ್ಕರ್ ಬದಲು ಬ್ರಿಸಲ್‌ನೋಸ್ ಕೇಳಿ ತನ್ನಿ, ನಾಲ್ಕೈದು ಅಂಗುಲಕ್ಕೆ ನಿಲ್ಲುತ್ತದೆ. ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್ ಕೂಡ ಈ ನೀರಿನಲ್ಲಿ ಆರಾಮಾಗಿರುತ್ತವೆ. ರೋಸಿ ಬಾರ್ಬನ್ನು ಉದ್ದ ಬಾಲದ ಗಪ್ಪಿ ಜೊತೆ ಮಾತ್ರ ಬಿಡಬೇಡಿ, ಬಾಲ ಕಚ್ಚುತ್ತದೆ. ಟೈಗರ್ ಬಾರ್ಬ್ ಇನ್ನೂ ಕಚ್ಚುತ್ತದೆ. ಏಂಜೆಲ್ ದೊಡ್ಡದಾದ ಮೇಲೆ ಗಪ್ಪಿ ಮರಿಯನ್ನು ಬಿಡುವುದಿಲ್ಲ. ಫೈಟರ್ ಗಂಡು ಗಪ್ಪಿಯ ಬಣ್ಣದ ಬಾಲ ನೋಡಿ ಇನ್ನೊಂದು ಫೈಟರ್ ಅಂದುಕೊಂಡು ಮೇಲೆ ಬೀಳಬಹುದು. ಗೋಲ್ಡ್ ಫಿಶ್‌ಗೆ ಗಡಸು ನೀರು ಇಷ್ಟವೇ, ಆದರೆ ಅದು ದೊಡ್ಡದಾಗುತ್ತದೆ, ಗಲೀಜು ಜಾಸ್ತಿ ಮಾಡುತ್ತದೆ, ಬಾಯಿಗೆ ಹಿಡಿಸುವ ಮರಿ ಮೀನನ್ನು ನುಂಗುತ್ತದೆ. ಅದಕ್ಕೆ ಬೇರೆ ಟ್ಯಾಂಕೇ ಇರಲಿ. ಇನ್ನು ಟೈಗರ್ ಶಾರ್ಕ್, ಆಸ್ಕರ್ ಮನೆಯ ಸಣ್ಣ ಟ್ಯಾಂಕಿನ ಮೀನುಗಳೇ ಅಲ್ಲ.

ನಾಲ್ಕು ಅಡಿ ಟ್ಯಾಂಕ್ ಇದ್ದವರಿಗೆ ರೇನ್‌ಬೋ ಮೀನನ್ನು ಹೇಳದೆ ಇರಲಾರೆ. ಇವು ಆಸ್ಟ್ರೇಲಿಯಾ, ನ್ಯೂಗಿನಿಯ ಮೀನುಗಳು. ಬೋಸ್ಮನಿ ಅನ್ನುವ ಜಾತಿ ನ್ಯೂಗಿನಿಯ ಪಶ್ಚಿಮ ತುದಿಯ ಅಯಮಾರು ಸರೋವರಗಳದ್ದು. ಅಲ್ಲಿ ಸುತ್ತಲೂ ಸುಣ್ಣಕಲ್ಲು, ನೀರು ಗಡಸು. ಮುಂದಿನ ಅರ್ಧ ಮೈ ನೀಲಿ, ಹಿಂದಿನ ಅರ್ಧ ಕಿತ್ತಳೆ. ಅಂಗಡಿಯಲ್ಲಿ ಚಿಕ್ಕವಿದ್ದಾಗ ಬೂದು ಬಣ್ಣದಲ್ಲಿರುತ್ತವೆ, ಅದಕ್ಕೇ ಯಾರೂ ತಿರುಗಿ ನೋಡುವುದಿಲ್ಲ. ವರ್ಷ ಕಾಯಬೇಕು. ಬೆಳಗ್ಗೆ ಎಳೆಬಿಸಿಲು ಟ್ಯಾಂಕಿನ ಮೇಲೆ ಬಿದ್ದಾಗ ಗಂಡುಗಳು ಹೆಣ್ಣಿನ ಮುಂದೆ ಬಣ್ಣ ಏರಿಸಿಕೊಂಡು ಓಡಾಡುವುದು ಈ ಹವ್ಯಾಸದಲ್ಲಿ ನಾನು ಕಂಡ ಅತಿ ದೊಡ್ಡ ಸೊಬಗು. ಎಂಟು ರೇನ್‌ಬೋ, ಕೆಳಗೆ ಒಂದು ಬ್ರಿಸಲ್‌ನೋಸ್. ಬೇರೇನೂ ಬೇಡ.

ಆಫ್ರಿಕನ್ ಸಿಕ್ಲಿಡ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಲಾವಿ, ಟ್ಯಾಂಗನಿಕಾ ಸರೋವರಗಳ ಈ ಮೀನುಗಳಿಗೆ ಕೆಎಚ್, ಪಿಎಚ್ ಮೇಲೆ ಇರಬೇಕು, ನಮ್ಮ ನೀರು ಹಾಗೇ ಇದೆ. ಆದರೆ ಜಾಗಕ್ಕಾಗಿ ಕಾದಾಡುವ ಗುಣ. ಗಪ್ಪಿ, ಪ್ಲಾಟಿ ಜೊತೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ನೀರು ಹೊಂದಿದ ಮಾತ್ರಕ್ಕೆ ಮೀನು ಮೀನಿಗೆ ಹೊಂದುವುದಿಲ್ಲ. ಅವಕ್ಕೆ ಕಲ್ಲು ಜೋಡಿಸಿದ ಪ್ರತ್ಯೇಕ ಟ್ಯಾಂಕ್ ಇದ್ದರೆ ಮಾತ್ರ ತನ್ನಿ.

ಗಿಡಕ್ಕೂ ಇದೇ ಮಾತು. ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲಿ ಹುಲ್ಲಿನ ಹಾಗೆ ಹಬ್ಬುತ್ತದೆ, ಯಾಕೆಂದರೆ ಅದು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲದು. ಜಾವಾ ಫರ್ನ್, ಅನುಬಿಯಾಸ್ ಕೂಡ ಬಾಳುತ್ತವೆ. ಬಸವನಹುಳುಗಳ ಚಿಪ್ಪು ಸವೆಯದೆ ಗಟ್ಟಿಯಾಗಿ ಬೆಳೆಯುತ್ತದೆ.

ಗಡಸು ನೀರಿನವರು ಒಂದು ಅಪಾಯವನ್ನು ಮಾತ್ರ ನೆನಪಿನಲ್ಲಿಡಬೇಕು. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ವಿಷ, ಒಂದು ಅಷ್ಟೇನೂ ಅಲ್ಲ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷರೂಪದ ಪಾಲು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5 ದಾಟುತ್ತದೆ. ಅಂದರೆ ಅದೇ ಗಲೀಜು, ಸುಮಾರು ಹತ್ತು ಪಟ್ಟು ವಿಷ. ಹಾಗಾಗಿ ಟ್ಯಾಂಕ್ ತುಂಬಿದ ದಿನವೇ ಮೀನು ಬಿಡುವುದು ನಮ್ಮ ನೀರಿನಲ್ಲಿ ಇನ್ನೂ ಕೆಟ್ಟದ್ದು. ಈ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಕಿಟ್ ಸೊನ್ನೆ ತೋರಿಸಿದ ಮೇಲೆ ಮೊದಲ ನಾಲ್ಕು ಪ್ಲಾಟಿ ಬಿಡಿ. ಎರಡು ವಾರ ಬಿಟ್ಟು ಇನ್ನಷ್ಟು. ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ನೀರು ಬದಲಿಸುವಾಗ ನಮ್ಮ ಊರುಗಳಲ್ಲಿ ಒಂದು ತೊಡಕು ಇದೆ. ಬಹಳ ಮನೆಗಳಲ್ಲಿ ಒಂದೇ ಸಂಪಿಗೆ ಕಾವೇರಿ ನೀರೂ ಬರುತ್ತದೆ, ಬೋರ್ ನೀರೂ ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ಗಡಸುತನ ಈ ವಾರ 8 ಡಿಗ್ರಿ, ಮುಂದಿನ ವಾರ 22. ಯಾವ ಮೀನೂ ಇದನ್ನು ತಾಳುವುದಿಲ್ಲ. ಮೀನಿಗೆ ಅಂತಲೇ ಒಂದು ಡ್ರಮ್ ಇಟ್ಟು, ಸದಾ ಒಂದೇ ಮೂಲದ ನೀರು ತುಂಬಿ. ಬೋರ್ ನೀರಾದರೆ ಒಂದು ದಿನ ಏರ್ ಪಂಪ್ ಹಾಕಿ ಗಾಳಿ ಕೊಡಿ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಅದು ಹೊರಟ ಮೇಲೆ ಪಿಎಚ್ ಏರುತ್ತದೆ, ಅಳೆಯುವುದಾದರೂ ಆಮೇಲೆ ಅಳೆಯಿರಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಬೇಕು. ವಾರಕ್ಕೆ ಕಾಲುಭಾಗ ಬದಲಿಸಿ. ಬೇಸಿಗೆಯಲ್ಲಿ ಆವಿಯಾದ ನೀರಿನ ಬದಲು ಮತ್ತೆ ಬೋರ್ ನೀರು ತುಂಬುತ್ತಾ ಹೋದರೆ ಲವಣ ಟ್ಯಾಂಕಿನಲ್ಲೇ ಉಳಿದು ಗಡಸುತನ ಏರುತ್ತದೆ. ಆ ಕೊರತೆಗೆ ಆರ್‌ಓ ನೀರು, ಇಲ್ಲವೇ ಮೊದಲ ಮಳೆ ಬಿಟ್ಟು ಆಮೇಲೆ ಹಿಡಿದ ಚೊಕ್ಕ ಮಳೆನೀರು ಹಾಕಿ.

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ ಸುಮಾರು 125 ಲೀಟರ್. ನೀರಿನ ಗಡಸುತನ 15 ಡಿಗ್ರಿ ಇದ್ದರೆ ನಾನು ಬಿಡುವುದು ಎರಡು ಗಂಡು ನಾಲ್ಕು ಹೆಣ್ಣು ಪ್ಲಾಟಿ, ಎಂಟು ಜೀಬ್ರಾ ಡ್ಯಾನಿಯೋ, ಆರು ಕಂಚಿನ ಕೋರಿಡೋರಾಸ್, ಒಂದು ಬ್ರಿಸಲ್‌ನೋಸ್. ಮೇಲೆ, ನಡುವೆ, ತಳದಲ್ಲಿ ಎಲ್ಲ ಕಡೆ ಓಡಾಟ ಇರುತ್ತದೆ, ಯಾರೂ ಯಾರ ತಂಟೆಗೂ ಹೋಗುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು. "ಸಾರ್, ನನ್ನ ಮಗಳಿಗೆ ನಿಯಾನ್ ಟೆಟ್ರಾನೇ ಬೇಕಂತೆ. ನಮ್ಮದು ಬರೀ ಬೋರ್ ನೀರು. ಸಾಕೋಕೇ ಆಗಲ್ವಾ?" ಆಗುತ್ತದೆ ತಾಯಿ, ಆದರೆ ಅದಕ್ಕೆ ಬೇರೆ ಟ್ಯಾಂಕ್ ಇಡಿ, ಪ್ಲಾಟಿ ಜೊತೆ ಬೇಡ. ಎರಡು ಅಡಿಯದು ಸಾಕು. ನಿಮ್ಮ ನೀರು 16 ಡಿಗ್ರಿ ಅಂದುಕೊಳ್ಳಿ. ಒಂದು ಬಕೆಟ್ ಬೋರ್ ನೀರಿಗೆ ಮೂರು ಬಕೆಟ್ ಆರ್‌ಓ ನೀರು ಬೆರೆಸಿದರೆ 4 ಡಿಗ್ರಿಗೆ ಇಳಿಯುತ್ತದೆ, ಕೆಎಚ್ ಕೂಡ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಟ್ಯಾಂಕಿನೊಳಗೆ ಬೆರೆಸಬೇಡಿ, ಡ್ರಮ್ಮಿನಲ್ಲಿ ಬೆರೆಸಿ, ಅಳೆದು, ಆಮೇಲೆ ಹಾಕಿ. ಪ್ರತಿ ವಾರವೂ ಅದೇ ಅಳತೆ ಇರಲಿ. ಮೀನು ತರುವ ಮೊದಲು ಅಂಗಡಿಯವರು ಯಾವ ನೀರಿನಲ್ಲಿ ಇಟ್ಟಿದ್ದಾರೆ ಅಂತ ಕೇಳಿ. ಅವರದೂ ಬೋರ್ ನೀರಾಗಿದ್ದರೆ ನಿಯಾನ್ ಅದಕ್ಕೆ ಹೊಂದಿಕೊಂಡಿರುತ್ತದೆ, ದಿಢೀರನೆ ಮೆದು ನೀರಿಗೆ ಬಿಟ್ಟರೆ ಮತ್ತೆ ಪೆಟ್ಟು ಬೀಳುತ್ತದೆ. ಕವರಿನ ಮೀನನ್ನು ಅದೇ ನೀರಿನ ಸಮೇತ ಬಕೆಟ್ಟಿಗೆ ಹಾಕಿ, ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಬಿಗಿದು, ಟ್ಯಾಂಕಿನ ನೀರು ಹನಿಹನಿಯಾಗಿ ಬಕೆಟ್ಟಿಗೆ ಬೀಳುವ ಹಾಗೆ ಮಾಡಿ. ಬಕೆಟ್ಟಿನ ನೀರು ಮೂರು ಪಟ್ಟು ಆಗುವವರೆಗೆ ಕಾದು, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಡಿ.